ಗಾಡಿಯ ಬಿಕ್ಕಳಿಕೆ

ನಗೋರು ಈಗಲೇ ನಕ್ಕು ಮುಗಿಸಿಬಿಡಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗ್ತೀನಿ, ಆಮೇಲೆ ಕರೆದರೂ ಬರಲ್ಲ. ಇದು ಯಾರೋ ಯಾರಿಗೋ ಹೇಳಿದ್ದಲ್ಲ... ನನ್ನ ಚಿಕ್ಕಪ್ಪನ ಸಣ್ಣ ಮಗನಿಗೆ ಆಗಿದ್ದು. ಅರ್ಧ ಅವನಿಗೆ ಆಯ್ತು. ಇನ್ನರ್ಧ ನನ್ನ ಅಂಗಡಿಯಲ್ಲೇ ಆಯ್ತು.

ಆವತ್ತು ರಾತ್ರಿ ಅವನು ನನ್ನ ಅಂಗಡಿಯಿಂದ ಒಬ್ಬನೇ ನಡೆದುಕೊಂಡು ಮನೆಗೆ ಹೊರಟಿದ್ದ. ನನ್ನದು ಗಾಡಿಗಳ ವೈರಿಂಗ್ ಅಂಗಡಿ ಅಂತ ನಿಮಗೆಲ್ಲ ಗೊತ್ತು. ಅಲ್ಲಿಂದ ಅವನ ಮನೆಗೆ ಕಾಲು ಗಂಟೆ ದಾರಿ. ಮುಚ್ಚಿದ ಕಾರ್ಖಾನೆಯ ಗೋಡೆ ಪಕ್ಕದಲ್ಲೇ ಹೋಗಬೇಕು. ಗೋಡೆ ಮುಗಿಯೋ ಜಾಗದಲ್ಲಿ ಒಂದು ಹಳೇ ಬಾವಿ. ಈಗ ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಅಲ್ಲಿಯ ಬೀದಿದೀಪ ಮನಸ್ಸು ಬಂದರೆ ಉರಿಯುತ್ತೆ, ಇಲ್ಲದಿದ್ದರೆ ಇಲ್ಲ. ಆವತ್ತು ಮನಸ್ಸು ಬಂದಿರಲಿಲ್ಲ.

ಬಾವಿ ಹತ್ತಿರ ಬಂದಾಗ ಒಂದು ಶಬ್ದ.

ಟಿಂಗ್...

ಟಿಂಗ್... ಟಿಂಗ್...

ಕಬ್ಬಿಣ ಕಲ್ಲಿಗೆ ತಾಗೋ ಶಬ್ದ. ಜೋರಾಗೇನಲ್ಲ. ಯಾರೋ ಏನೋ ಯೋಚನೆ ಮಾಡ್ತಾ ಸುಮ್ಮನೆ ತಟ್ಟುತ್ತಾ ಕೂತ ಹಾಗೆ.

ಸಣ್ಣೋನ ಕಾಲು ಅಲ್ಲೇ ನಿಂತಿತು. ಯಾಕೆ ನಿಂತಿತು ಅಂತ ನಿಮಗೆ ತಿಳೀಬೇಕಾದರೆ ನಾನು ಗಾಡಿ ವಿಷಯ ಹೇಳಬೇಕು. ಬಾವಿ ಎಲ್ಲೂ ಹೋಗಲ್ಲ, ಆಮೇಲೆ ಬರೋಣ.

ಚಿಕ್ಕಪ್ಪನಿಗೆ ಇಬ್ಬರು ಗಂಡುಮಕ್ಕಳು. ಮನೆಯಲ್ಲಿ ಹೆಸರು ಹಿಡಿದು ಕರೆದಿದ್ದನ್ನ ನಾನಂತೂ ಕೇಳಿಲ್ಲ. ಒಬ್ಬ ದೊಡ್ಡೋನು, ಒಬ್ಬ ಸಣ್ಣೋನು, ಅಷ್ಟೇ. ದೊಡ್ಡೋನಿಗೆ ಲಿಫ್ಟ್ ರಿಪೇರಿ ಕೆಲಸ. ಸಣ್ಣೋನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾನೆ. ಚಿಕ್ಕಪ್ಪ ಹೋದಮೇಲೆ ಅವರ ಹಳೇ ಕಾರು ಉಳೀತು. ಗುಜರಿಗೆ ಹಾಕು ಅಂತ ನಾವೆಲ್ಲ ಹೇಳಿದ್ವಿ. ದೊಡ್ಡೋನು ಕೇಳಬೇಕಲ್ಲ. ಎರಡು ವರ್ಷ, ಒಂದು ಭಾನುವಾರ ಬಿಡದೆ ಅದರ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತ. ಕಾರ್ಬ್ಯುರೇಟರ್ ಕಿತ್ತೆಸೆದ. ಪೆಟ್ರೋಲ್ ಚಿಮ್ಮೋ ಇಂಜೆಕ್ಟರ್ ಹಾಕಿದ, ಇಂಜಿನ್ನಿಗೆ ಜಾಸ್ತಿ ಗಾಳಿ ತುಂಬೋ ಟರ್ಬೋ ಕೂರಿಸಿದ. ಅದನ್ನೆಲ್ಲ ಆಳೋಕೆ ಒಂದು ಇಂಜಿನ್ ಕಂಪ್ಯೂಟರ್ ತಂದ. ಊಟದ ಡಬ್ಬಿಯಷ್ಟು ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ. ನಾವು ಡಬ್ಬಿ ಅಂತಲೇ ಕರೀತಿದ್ವಿ.

ಶೋರೂಮಿಂದ ಬರೋ ಕಾರಿನ ಡಬ್ಬಿಗೆ ಎಲ್ಲಾ ಕಲಿಸಿ ಕಳಿಸಿರ್ತಾರೆ. ಈ ಜಾತಿ ಡಬ್ಬಿಗೆ ಏನೂ ಗೊತ್ತಿರಲ್ಲ, ನಾವೇ ಕಲಿಸಬೇಕು. ಇಂಜಿನ್ ಇಷ್ಟು ತಿರುಗುವಾಗ ಇಷ್ಟು ಪೆಟ್ರೋಲ್, ಇಷ್ಟು ಹೊತ್ತಿಗೆ ಕಿಡಿ... ನೂರಾರು ಚೌಕ, ಪ್ರತಿ ಚೌಕದಲ್ಲೂ ಒಂದು ಅಂಕಿ. ಅದಕ್ಕೆ ಮ್ಯಾಪ್ ಅಂತಾರೆ. ಆ ಅಂಕಿ ತುಂಬೋನೇ ಟ್ಯೂನರ್. ಒಳ್ಳೇ ಟ್ಯೂನರ್ ಸಿಕ್ಕರೆ ಇಂಜಿನ್ ಬಾಳುತ್ತೆ, ಕೆಟ್ಟವನು ಸಿಕ್ಕರೆ ಪಿಸ್ಟನ್ ತೂತು ಬೀಳುತ್ತೆ.

ದೊಡ್ಡೋನು ಯಾವ ಟ್ಯೂನರ್ ಮನೆ ಮೆಟ್ಟಿಲೂ ಹತ್ತಲಿಲ್ಲ. ನಾನೇ ಮಾಡ್ತೀನಿ ಅಂದ, ಮಾಡಿದ. ಗಾಡಿ ಗಾಳಿ ಥರ ಓಡ್ತು. ಆದರೆ ಎಲ್ಲೋ ಒಂದು ಕಡೆ ಒಂದು ತಪ್ಪು ಅಂಕಿ ಬಿಟ್ಟಿದ್ದ. ಮನೆ ಗೇಟ್ ಹತ್ತಿರ ತಿರುಗಿಸಿ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದನೋ, ಇಂಜಿನ್ ಕುಸಿಯೋದು. ಗುಡುಗುಡುಗುಡು... ಗುಕ್... ಗುಕ್... ಅಂತ ಬಿಕ್ಕಳಿಸೋದು. ಈಗ ಸತ್ತಿತು ಅನ್ನುವಾಗ ಮತ್ತೆ ಸುಧಾರಿಸಿಕೊಳ್ಳೋದು. ಎಷ್ಟು ತಿಂಗಳು ತಲೆ ಕೆರೆದುಕೊಂಡರೂ ಆ ತಪ್ಪು ಎಲ್ಲಿದೆ ಅಂತ ಅವನಿಗೆ ಸಿಗಲಿಲ್ಲ.

ಚಿಕ್ಕಮ್ಮ ಒಳಗಿಂದ ಕೇಳಿಸಿಕೊಂಡು, "ನೋಡು, ನಿನ್ನ ಗಾಡೀನ ಯಾರೋ ನೆನೆಸ್ಕೊತಿದ್ದಾರೆ," ಅನ್ನೋರು. "ಇನ್ಯಾರು, ನೀನೇ," ಅನ್ನೋನು ಅವನು. ದಿನಾ ರಾತ್ರಿ ಹತ್ತೂವರೆಗೆ ಇದೇ ಮಾತು. ಆಮೇಲೆ ಇಬ್ಬರೂ ಊಟಕ್ಕೆ ಕೂರೋರು. ಅವನು ಬರೋವರೆಗೆ ಚಿಕ್ಕಮ್ಮ ತಟ್ಟೆ ಮುಟ್ಟಿದವರಲ್ಲ.

ಯೋಚನೆ ಮಾಡುವಾಗ ದೊಡ್ಡೋನಿಗೆ ಒಂದು ಚಾಳಿ. ಕೈಯಲ್ಲಿರೋ ಸ್ಪ್ಯಾನರನ್ನ ಏನಕ್ಕಾದರೂ ತಟ್ಟುತ್ತಾ ಕೂರೋನು. ಟಿಂಗ್... ಟಿಂಗ್... ಸ್ಪ್ಯಾನರ್ ನನ್ನದು, ಹತ್ತು ಎಂಎಂ ನಟ್ ತಿರುಗಿಸೋದು. ಹತ್ತರ ಸ್ಪ್ಯಾನರ್. ಈ ಕಸುಬಿನಲ್ಲಿರೋರಿಗೆ ಗೊತ್ತು, ಲೋಕದಲ್ಲಿ ಏನು ಬೇಕಾದರೂ ಸಿಗುತ್ತೆ, ಬೇಕಾದಾಗ ಹತ್ತರ ಸ್ಪ್ಯಾನರ್ ಸಿಗಲ್ಲ. ಕದಿಯೋ ಕೈಗೆ ನಾಚಿಕೆಯಾಗಲಿ ಅಂತ ಅದರ ಹಿಡಿಗೆ ಕೆಂಪು ಟೇಪ್ ಸುತ್ತಿದ್ದೆ. ಅವನ ಕೈಗೆ ನಾಚಿಕೆ ಇರಲಿಲ್ಲ.

ಹೋದ ವರ್ಷ ಚಿಕ್ಕಮ್ಮನಿಗೆ ಲಕ್ವ ಹೊಡೀತು. ಬಲಗಡೆ ಕೈಕಾಲು ಬಿದ್ದುಹೋಯ್ತು, ಕಣ್ಣು ಮಂಜಾಯ್ತು. ಕಿವಿ ಮಾತ್ರ ಮೊದಲಿಗಿಂತ ಚುರುಕು. ಅವರು ಆಸ್ಪತ್ರೆಯಲ್ಲಿದ್ದ ಹತ್ತನೇ ದಿನ... ಒಂದು ಕಟ್ಟಡದ ಲಿಫ್ಟ್ ಗುಂಡಿಗೆ ದೊಡ್ಡೋನು ಬಿದ್ದ. ಮಧ್ಯಾಹ್ನ. ಆರನೇ ಮಹಡಿಯಿಂದ.

ಅವನ ಸಾಮಾನನ್ನ ಒಂದು ಚೀಲದಲ್ಲಿ ಹಾಕಿಕೊಟ್ಟರು. ವಾಚು ಇತ್ತು, ಬೂಟು ಇತ್ತು, ಮನೆ ಬೀಗದ ಕೈ ಇತ್ತು. ನನ್ನ ಸ್ಪ್ಯಾನರ್ ಇರಲಿಲ್ಲ. ಬೆಳಗ್ಗೆ ತಾನೇ ಅಂಗಡಿಗೆ ಬಂದು ಜೇಬಿಗೆ ಹಾಕಿಕೊಂಡು ಹೋಗಿದ್ದ. ಹೋಗಲಿ ಬಿಡಿ, ಆಗ ಅದನ್ನ ಯಾರು ಕೇಳ್ತಾರೆ. ನಾನು ಗೋಡೆ ಹಿಡಿದು ನಿಂತಿದ್ದೆ.

ಡಾಕ್ಟರು ಅಂದ್ರು, ತಾಯಿಗೆ ಈಗ ಹೇಳಬೇಡಿ, ಹೃದಯ ತಡೆಯಲ್ಲ. ಈಗ ಅಂದ್ರೆ ಎಲ್ಲೀವರೆಗೆ ಅಂತ ನಾವು ಕೇಳಲಿಲ್ಲ. ಅದೇ ತಪ್ಪಾಗಿದ್ದು. ಮನೆಗೆ ಕರಕೊಂಡು ಬಂದಮೇಲೆ ಚಿಕ್ಕಮ್ಮ ಕೇಳಿದ ಮೊದಲ ಮಾತೇ, "ದೊಡ್ಡೋನೆಲ್ಲಿ?" ಸಣ್ಣೋನು ಬಾಯಿಗೆ ಬಂದಿದ್ದು ಹೇಳಿದ. ಕೆಲಸ ಜಾಸ್ತಿ, ರಾತ್ರಿ ಬರ್ತಾನೆ ಅಂದ. ರಾತ್ರಿ ಬರಬೇಕಾಯ್ತಲ್ಲ? ತಾನೇ ಹೋಗಿ ಗಾಡಿ ತೆಗೆದ. ಒಂದು ಸುತ್ತು ಹಾಕಿಕೊಂಡು ಹತ್ತೂವರೆಗೆ ಗೇಟ್ ಹತ್ತಿರ ತಿರುಗಿಸಿದ. ಗಾಡಿ ಬಿಕ್ಕಳಿಸ್ತು. ಒಳಗಿಂದ ಚಿಕ್ಕಮ್ಮ, "ಬಂದ," ಅಂದ್ರು. ಅಣ್ಣನ ಕೆಲಸದ ಜಾಕೆಟ್ ಹಾಕಿಕೊಂಡು, ದೀಪ ಹಾಕದೆ, ಬಾಗಿಲಲ್ಲಿ ನಿಂತು, "ಮಲ್ಕೊಳ್ಳಮ್ಮ, ಊಟ ಮಾಡಿ ಮಲ್ಕೋ," ಅಂದ. ಇಬ್ಬರ ದನಿಯೂ ಒಂದೇ ಥರ. ಅವರು ಉಂಡರು.

ಎಂಟು ತಿಂಗಳು. ದಿನಾ. ಒಂದು ದಿನ ತಪ್ಪದೆ. ನಾನು ಬೈದೆ, ಕೈ ಮುಗಿದು ಹೇಳಿದೆ, ಹೇಳಿಬಿಡೋ ಅಂದೆ. "ಹೇಳಿದ್ರೆ ಹೋಗಿಬಿಡ್ತಾಳೆ ಅಣ್ಣ. ಇನ್ನೊಬ್ಬರನ್ನ ನನ್ನ ಕೈಯಲ್ಲಿ ಕಳಿಸೋಕಾಗಲ್ಲ," ಅಂದ.

ಇಷ್ಟಾದಮೇಲೆ ಅವನೇ ಒಂದು ಕೆಲಸ ಮಾಡಿಕೊಂಡ. ಅಣ್ಣನ ಗಾಡಿ ಕೊಳೆಯಾಗಿದೆ ಅಂತ ಬಾನೆಟ್ ತೆಗೆದು ಪೈಪ್ ಹಿಡಿದು ಇಂಜಿನ್ ತೊಳೆದ. ಪ್ರೀತಿಯಿಂದಲೇ ತೊಳೆದ ಪಾಪ. ಡಬ್ಬಿಯೊಳಗೆ ನೀರು ಹೋಯ್ತು. ಚುಯ್ಯ್... ಅಂತ ಒಂದು ಶಬ್ದ, ಸುಟ್ಟ ವಾಸನೆ. ಅಲ್ಲಿಗೆ ಮುಗೀತು. ದೊಡ್ಡೋನ ಮ್ಯಾಪ್ ಇದ್ದಿದ್ದು ಆ ಡಬ್ಬಿಯಲ್ಲಿ ಒಂದೇ ಕಡೆ. ಇನ್ನೊಂದು ಪ್ರತಿ ಎಲ್ಲೂ ಇಟ್ಟಿರಲಿಲ್ಲ.

ಆವತ್ತು ರಾತ್ರಿ ಹತ್ತೂವರೆ ಆಯ್ತು. ಹನ್ನೊಂದಾಯ್ತು. ಗಾಡಿ ಬರಲಿಲ್ಲ. ಚಿಕ್ಕಮ್ಮ ತುತ್ತಿಗೆ ಬಾಯಿ ತೆರೀಲಿಲ್ಲ.

ಎರಡನೇ ದಿನ ಅದೇ ಥರದ ಹೊಸ ಡಬ್ಬಿ ಹುಡುಕಿ ತಂದು ನಾನೇ ವೈರ್ ಕೂರಿಸಿದೆ. ಈಗ ಬೇಕಾಗಿದ್ದು ಟ್ಯೂನರ್. ಜನ ನನ್ನ ಕೇಳ್ತಾರೆ, ಟ್ಯೂನರ್ ಆರಿಸೋದು ಹೇಗೆ ಅಂತ. ಫೋನಲ್ಲೇ ಇಷ್ಟು ಹಾರ್ಸ್‌ಪವರ್ ತೆಗೆದುಕೊಡ್ತೀನಿ ಅನ್ನೋನ ಹತ್ತಿರ ಹೋಗಬೇಡಿ. ಇಂಜಿನ್ ವಯಸ್ಸೆಷ್ಟು, ಇಂಜೆಕ್ಟರ್ ಯಾವುದು, ವೈರಿಂಗ್ ಯಾರು ಮಾಡಿದ್ದು ಅಂತ ನಿಮ್ಮನ್ನೇ ಕೇಳಿ ಕೇಳಿ ಸುಸ್ತು ಮಾಡ್ತಾನಲ್ಲ, ಅವನ ಹತ್ತಿರ ಹೋಗಿ. ಅಂಥವನೊಬ್ಬ ಇದ್ದ. ರೋಲರ್ ಮೇಲೆ ಕಾರು ಹತ್ತಿಸಿ ಅಳೆಯೋ ಯಂತ್ರ ಇಟ್ಟಿದ್ದ, ನೆಲದ ಮೇಲೆ ಒಂದು ತೊಟ್ಟು ಎಣ್ಣೆ ಇರಲಿಲ್ಲ. ಗಾಡಿ ಎಳೆಸಿಕೊಂಡು ಹೋದ್ವಿ. ಎಲ್ಲಾ ಕೇಳಿ, ಎಲ್ಲಾ ಬರೆದುಕೊಂಡು, ಕೊನೆಗೆ ಕೇಳಿದ, "ನಿಮಗೆ ಗಾಡಿ ಹೇಗೆ ಬೇಕು?"

ಸಣ್ಣೋನು ಅಂದ, "ಬಿಕ್ಕಳಿಸಬೇಕು."

ಅವನಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಸಾವಿನ ವಿಷಯ ಹೇಳಲಿಲ್ಲ, ಗಾಡಿ ವಿಷಯ ಮಾತ್ರ ಹೇಳಿದೆ. ಅವನು ಪೆನ್ನು ಕೆಳಗಿಟ್ಟ. "ಸರಿ ಮಾಡಿಕೊಡಿ ಅಂತ ಬರ್ತಾರೆ. ತಪ್ಪು ಮಾಡಿಕೊಡಿ ಅಂತ ಇದೇ ಮೊದಲು. ನನ್ನ ಕೈಯಿಂದ ಅದು ಹೊರಗೆ ಹೋಗಲ್ಲ, ಬೇಜಾರು ಮಾಡ್ಕೋಬೇಡಿ," ಅಂದ. ಒಳ್ಳೆಯವನೇ. ಒಳ್ಳೆಯವನಾಗಿದ್ದಕ್ಕೇ ನಮಗೆ ಆಗಿಬರಲಿಲ್ಲ.

ಮೂರನೇ ದಿನ ಇನ್ನೊಬ್ಬ. ಅವನನ್ನ ಇವತ್ತಿಗೂ ನಾವು ಕಣ್ಣಲ್ಲಿ ಕಂಡಿಲ್ಲ. ಎಲ್ಲೋ ಕೂತು ಕಂಪ್ಯೂಟರಲ್ಲೇ ಫೈಲ್ ಕಳಿಸ್ತಾನೆ, ನಾವು ಡಬ್ಬಿಗೆ ತುಂಬಿಕೊಳ್ಳೋದು. ಬಿಕ್ಕಳಿಕೆ ಬೇಕಾ, ಹಾಕ್ತೀನಿ ಅಂದ. ಹಾಕಿದೆ ಅಂದ. ಸಣ್ಣೋನು ಓಡಿಸಿಕೊಂಡು ಹೋಗಿ ಹತ್ತೂವರೆಗೆ ಗೇಟ್ ಹತ್ತಿರ ತಿರುಗಿಸಿದ. ಗಾಡಿ ಹೊಲಿಗೆ ಯಂತ್ರದ ಹಾಗೆ ಸರ್‍ರ್... ಅಂತ ಬಂದು, ಕ್ಷಣ ಕೆಮ್ಮಿ, ನಿಂತಿತು.

ನಾನು ಒಳಗೆ ಚಿಕ್ಕಮ್ಮನ ಪಕ್ಕದಲ್ಲಿದ್ದೆ. ಪಕ್ಕದ ಮನೆ ಟೈಲರಮ್ಮ ಚಮಚ ಹಿಡಿದು ಕಾಯ್ತಿದ್ದರು. ಸಂಜೆಯಿಂದ ಚಿಕ್ಕಮ್ಮನ್ನ ನೋಡಿಕೊಳ್ಳೋದು ಅವರೇ. ಚಿಕ್ಕಮ್ಮ ತಲೆ ವಾಲಿಸಿ ಕೇಳಿದರು. ಬಹಳ ಹೊತ್ತು ಕೇಳಿದರು.

"ಯಾರೋ ಬಂದ್ರು ನೋಡಿ," ಅಂದ್ರು. "ಅವನಲ್ಲ."

ತುಟಿ ಬಿಗಿದುಕೊಂಡರು. ಬಾಗಿಲಲ್ಲಿ ಜಾಕೆಟ್ ಹಾಕಿಕೊಂಡು ನಿಂತಿದ್ದ ಸಣ್ಣೋನು ಹಾಗೇ ಹಿಂದೆ ಹಿಂದೆ ಸರಿದು ಅಂಗಳಕ್ಕೆ ಹೋದ. ಹೋಗಿ ನೋಡಿದರೆ ಗಾಡಿ ಬಾನೆಟ್ ಮೇಲೆ ತಲೆ ಇಟ್ಟುಕೊಂಡು ನಿಂತಿದ್ದಾನೆ.

ನಾಲ್ಕನೇ ದಿನ ಇದ್ದಬದ್ದ ಫೋನೆಲ್ಲಾ ಹುಡುಕಿದ್ವಿ, ಹಳೇ ಶಬ್ದ ಎಲ್ಲಾದರೂ ಇದೆಯಾ ಅಂತ. ಒಂದೇ ಒಂದು ವಿಡಿಯೋ ಸಿಕ್ತು. ಅದರ ಮೇಲೆ ದೊಡ್ಡೋನು ಯಾವುದೋ ಸಂಗೀತ ಅಂಟಿಸಿದ್ದ. ಡಮ್ ಡಮ್ ಡಮ್ ಅಂತ ಅದೊಂದೇ ಕೇಳುತ್ತೆ. ಸತ್ತವನ ಮೇಲೆ ಸಿಟ್ಟು ಬರುತ್ತಾ? ನನಗೆ ಬಂತು.

ಐದನೇ ದಿನ ಬೆಳಗ್ಗೆ ಡಾಕ್ಟರು ಬಂದು ನೋಡಿದರು. ಬಾಯಿಗೆ ನೀರು ಬಿಟ್ಟು ಬೇರೇನೂ ಇಲ್ಲ. "ನಾಳೆ ಬೆಳಗ್ಗೆ ಆಸ್ಪತ್ರೆಗೆ ಸೇರಿಸಿ, ಮೂಗಿನಿಂದ ನಳಿಕೆ ಹಾಕೋಣ. ಅಷ್ಟು ತಡೀತಾರಾ ಅಂತ ಮಾತ್ರ ನನ್ನ ಕೇಳಬೇಡಿ," ಅಂದ್ರು.

ಆವತ್ತೇ ಕಿವುಡ ಮೇಷ್ಟ್ರನ್ನ ಅಂಗಡಿಗೆ ಕರೆಸಿದೆ. ಟ್ಯೂನರ್‌ಗಳಿಗೆಲ್ಲ ಅವರೇ ಗುರು. ಕಿವಿಗೆ ಏನೂ ಮುಚ್ಚಿಕೊಳ್ಳದೆ ಮೂವತ್ತು ವರ್ಷ ಇಂಜಿನ್ ಪಕ್ಕ ನಿಂತು ಕಿವಿ ಕಳಕೊಂಡವರು. ಈಗ ಇಂಜಿನ್ ಮೇಲೆ ಅಂಗೈ ಇಟ್ಟು ತಿಳಕೊಳ್ತಾರೆ, ನಮ್ಮ ಮಾತನ್ನ ತುಟಿ ನೋಡಿ ತಿಳಕೊಳ್ತಾರೆ. ಅವರಿಗೆ ಎಲ್ಲಾ ಹೇಳಿದೆ, ಸಾವನ್ನೂ ಹೇಳಿದೆ. ಅವರು ಇಲ್ಲ ಅನ್ನಲಿಲ್ಲ. ಕೈ ಒರೆಸಿಕೊಂಡು ಕೂತು, "ಬಿಕ್ಕಳಿಕೆ ಎಷ್ಟು ಸಲ?" ಅಂತ ಕೇಳಿದರು.

"ಎರಡು," ಅಂದ ಸಣ್ಣೋನು.

"ಮೂರು," ಅಂದೆ ನಾನು.

ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ವರ್ಷಗಟ್ಟಲೆ ಕೇಳಿದ ಶಬ್ದ. ಬಾಯಲ್ಲಿ ಮಾಡಿ ತೋರಿಸಿ ಅಂದ್ರು. ಅವನು ಗುಕ್ ಗುಕ್ ಅಂದ. ನಾನು ಗುಕ್ ಗುಕ್ ಗುಕ್ ಅಂದೆ. ಇಬ್ಬರು ಗಂಡಸರು ಅಂಗಡಿ ಮಧ್ಯೆ ನಿಂತು ಕಪ್ಪೆಗಳ ಹಾಗೆ... ಬೇರೆ ದಿನ ಆಗಿದ್ದರೆ ಬಿದ್ದು ಬಿದ್ದು ನಗ್ತಿದ್ವಿ. ಮೇಷ್ಟ್ರು ಸಂಜೆವರೆಗೂ ಪ್ರಯತ್ನ ಮಾಡಿದರು. ಎರಡು ಮಾಡಿ ತೋರಿಸಿದರು, ಮೂರು ಮಾಡಿ ತೋರಿಸಿದರು. ಯಾವುದೂ ಅದಾಗಿರಲಿಲ್ಲ. ಕತ್ತಲಾದಮೇಲೆ ಲ್ಯಾಪ್‌ಟಾಪ್ ಮುಚ್ಚಿದರು.

"ಆಗಲ್ಲ ಕಣಪ್ಪ. ಆ ತಪ್ಪು ಮಾಡಿದೋನೇ ಬರಬೇಕು," ಅಂದ್ರು.

ಬೇಕಂತ ಅಂದಿದ್ದಲ್ಲ. ಸುಸ್ತಾಗಿ ಅಂದಿದ್ದು. ಆದರೆ ಆ ಮಾತು ನೆನಪಿಟ್ಟುಕೊಳ್ಳಿ.

ಮೇಷ್ಟ್ರು ಹೋದಮೇಲೆ ಸಣ್ಣೋನು ತಾನೇ ಲ್ಯಾಪ್‌ಟಾಪ್ ಹಿಡಿದು ಗಾಡಿಯೊಳಗೆ ಕೂತ. ಕಂಡ ಕಂಡ ಚೌಕಕ್ಕೆ ಕಂಡ ಕಂಡ ಅಂಕಿ. ಢಬ್... ಅಂತ ಸೈಲೆನ್ಸರಿಂದ ಬೆಂಕಿ ಬಂತು. ಇನ್ನೆರಡು ಸಲ ಹಾಗಾದರೆ ಇಂಜಿನ್ನೇ ಇರ್ತಿರಲಿಲ್ಲ. ನಾನು ಬ್ಯಾಟರಿ ವೈರ್ ಕಳಚಿದೆ. ಡಬ್ಬಿ ಬಿಚ್ಚಿ ಈಚೆ ತೆಗೆದೆ. ಅವನು ನನ್ನ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ, ಕೊಡು ಅಣ್ಣಾ. ಇವತ್ತೊಂದು ರಾತ್ರಿ."

"ಕೊಡಲ್ಲ. ಮನೆಗೆ ಹೋಗು, ಅಮ್ಮನ ಹತ್ತಿರ ಕೂತ್ಕೋ."

"ಯಾವ ಮುಖ ಇಟ್ಕೊಂಡು ಕೂರಲಿ?"

ಅವನ ಕಣ್ಣೆದುರಿಗೇ ಡಬ್ಬಿಯನ್ನ ನನ್ನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಜೇಬಿಗೆ ಹಾಕಿಕೊಂಡೆ.

ಇನ್ನೊಂದು ಹೇಳೋದು ಮರೆತೆ. ಈ ಡಬ್ಬಿ ದಿನಚರಿ ಬರೆಯುತ್ತೆ. ಇಂಜಿನ್ ಶುರುವಾದಾಗಿಂದ ನಿಲ್ಲೋವರೆಗೆ ಎಷ್ಟು ತಿರುಗ್ತು, ಎಷ್ಟು ಬಿಸಿಯಾಯ್ತು, ಎಲ್ಲಾ ಒಂದು ಲಾಗ್‌ನಲ್ಲಿ ಬರೆದು ನಂಬರ್ ಹಾಕಿಡುತ್ತೆ. ಇಂಜಿನ್ ಓಡದಿದ್ದರೆ ಒಂದಕ್ಷರ ಬರೆಯಲ್ಲ. ನಾನು ಬಿಚ್ಚುವಾಗ ಕೊನೆಯ ಲಾಗ್ ನಲವತ್ತೊಂದು. ಮೇಷ್ಟ್ರಿಗೆ ಬೇಕಾಗಬಹುದು ಅಂತ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದೆ.

ಸಣ್ಣೋನು ಹೊರಟಾಗ ಹತ್ತು ದಾಟಿತ್ತು. ಬಾವಿ ಹತ್ತಿರ ಬಂದ...

ಟಿಂಗ್... ಟಿಂಗ್...

ಬಾವಿ ಕಟ್ಟೆ ಮೇಲೆ ಒಬ್ಬರು ಕೂತಿದ್ದರು. ಬೆನ್ನು ಇವನ ಕಡೆ. ಬರೀ ಅಂಗಿ. ಚಳಿ ಇತ್ತು, ಆದರೂ ಮೇಲೆ ಏನೂ ಇರಲಿಲ್ಲ. "ಜಾಕೆಟ್ ನಮ್ಮನೇಲಿತ್ತಲ್ಲ ಅಣ್ಣಾ," ಅಂತ ಸಣ್ಣೋನು ಆಮೇಲೆ ನನಗೆ ಹೇಳಿದ.

"ಯಾರು?" ಅಂದ.

ಟಿಂಗ್ ನಿಂತಿತು.

"ಉಂಡ್ಲಾ?"

ಪಿಸುಮಾತು. ಬಾವಿಯೊಳಗಿಂದ ಬಂದಂಗೂ ಇತ್ತು, ಕಿವಿ ಪಕ್ಕದಿಂದ ಬಂದಂಗೂ ಇತ್ತು.

"...ಇಲ್ಲ."

"ಎಷ್ಟು ದಿನ?"

"ಐದು."

ಜಾಲರಿ ಕೆಳಗೆ, ಆಳದಲ್ಲಿ, ಪೊಟ್... ಅಂತ ಒಂದು ಹನಿ ಬಿತ್ತು.

"ನೀನು ತೊಳೆದಿದ್ದಕ್ಕೆ ಬೇಜಾರಿಲ್ಲ," ಅಂತು ಪಿಸುಮಾತು. "ಡಬ್ಬಿ ಎಲ್ಲಿ?"

"ವೈರಿಂಗ್ ಅಣ್ಣನ ಬೀರುನಲ್ಲಿ."

"ಸರಿ. ನೀನು ನಡಿ. ಹಿಂದೆ ತಿರುಗಬೇಡ... ಎಡವ್ತೀಯ."

ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ದೊಡ್ಡೋನು ದಿನಾ ಹೇಳ್ತಿದ್ದ ಮಾತು ಅದು. ಸಣ್ಣೋನು ತಿರುಗಲಿಲ್ಲ. ನಡೆದ. ಕತ್ತಲಲ್ಲಿ ಎಡವದ ಹಾಗೆ ನಿಧಾನವಾಗಿ ಒಂದೊಂದೇ ಹೆಜ್ಜೆ ಇಟ್ಟ. ಚಪ್ಪಲಿ ಶಬ್ದ ಬಿಟ್ಟರೆ ಏನೂ ಇಲ್ಲ. ಪಟ್... ಪಟ್... ಪಟ್...

ಅರ್ಧ ದಾರಿಗೆ ಬಂದಿರಬೇಕು. ಹಿಂದಿನಿಂದ ಗುಡುಗುಡುಗುಡು... ದೂರದಲ್ಲಿ. ಆಮೇಲೆ ಹತ್ತಿರ. ಕಾರ್ಖಾನೆ ಗೋಡೆಗೆ ಬಡಿದು ವಾಪಸ್ ಬರೋ ಆ ಶಬ್ದ ಅವನಿಗೆ ಗೊತ್ತಿಲ್ಲದ್ದಾ? ದೀಪ ಇಲ್ಲ. ಪೆಟ್ರೋಲ್ ವಾಸನೆ ಇಲ್ಲ. ಶಬ್ದ ಪಕ್ಕದಲ್ಲೇ ಹಾದುಹೋಯ್ತು. ಅಂಗಿಯ ತುದಿ ಅಲುಗಾಡ್ತು. ರಸ್ತೆ ಮಾತ್ರ ಖಾಲಿ.

ಮುಂದೆ ಅವನ ಮನೆ ಗೇಟ್ ಹತ್ತಿರ ಆ ಶಬ್ದ ತಿರುಗ್ತು. ಕುಸೀತು.

ಗುಕ್... ಗುಕ್...

ಒಂದು ಉಸಿರಿನಷ್ಟು ನಿಶ್ಶಬ್ದ...

ಗುಕ್.

ಆಮೇಲೆ ಸುಧಾರಿಸಿಕೊಂಡು ಗುಡುಗುಡು ಅಂದು, ನಿಂತಿತು.

ಎರಡೂ ಹೌದು, ಮೂರೂ ಹೌದು. ನಾವಿಬ್ಬರೂ ಸರಿಯಾಗೇ ಹೇಳಿದ್ವಿ. ಮಧ್ಯದ ಆ ಉಸಿರನ್ನ ಇಬ್ಬರೂ ಮರೆತಿದ್ವಿ.

ಸಣ್ಣೋನು ಮನೆ ಮುಟ್ಟಿದಾಗ ಅಂಗಳ ಖಾಲಿ. ಟೈಲರಮ್ಮ ತಟ್ಟೆ ಹಿಡಿದು ಹೊರಗೆ ಬರ್ತಾ ಇದ್ದಾರೆ. ತಟ್ಟೆ ತೊಳೆದಿಟ್ಟಂಗೆ ಖಾಲಿ. ಅವರ ಮುಖದಲ್ಲಿ ನಗು. "ಉಂಡ್ರು ಕಣೋ. ಗಾಡಿ ಬಂದಿದ್ದೇ ತಡ, ಬಾಯಿ ತೆರೆದ್ರು. ಪುಣ್ಯಾತ್ಮ, ಹೇಗೆ ಸರಿ ಮಾಡಿಸಿದೆ?" ಅಂದವರು ಇವನ ಹಿಂದೆ ನೋಡಿದರು. ಗೇಟ್ ಕಡೆ ನೋಡಿದರು. ನಗು ಹಾಗೇ ನಿಂತುಹೋಯ್ತು.

"ಗಾಡಿ ಎಲ್ಲೋ?"

ಸಣ್ಣೋನು ಅವರನ್ನ ದಾಟಿಕೊಂಡು ಒಳಗೆ ಹೋದ. ಅಭ್ಯಾಸ ನೋಡಿ, ಕೈ ತಾನಾಗೇ ಮೊಳೆಯಲ್ಲಿದ್ದ ಜಾಕೆಟ್ ಕಡೆ ಹೋಯ್ತು.

"ಜಾಕೆಟ್ ಬೇಡ ಕಣೋ," ಅಂದ್ರು ಚಿಕ್ಕಮ್ಮ, ಕತ್ತಲಲ್ಲೇ.

ಕೈ ಹಾಗೇ ಗಾಳಿಯಲ್ಲಿ ನಿಂತಿತು.

"ಅವನು ಬಂದು ಹೋದ. ಇಲ್ಲೇ ಕೂತಿದ್ದ. ಕೈ ತಣ್ಣಗಿತ್ತು ಪಾಪ."

"ಅಮ್ಮಾ..."

"ನಿನ್ನ ಹೆಜ್ಜೆ ನನಗೆ ಗೊತ್ತಾಗಲ್ವಾ? ಮೊದಲನೇ ದಿನದಿಂದ ಗೊತ್ತಿತ್ತು. ಹೇಳೋಕೆ ನಿನಗೆ ಕಷ್ಟ ಅಂತ ನಾನೂ ಸುಮ್ಮನಿದ್ದೆ." ನಾಲಿಗೆ ಹೊರಳಲ್ಲ, ಒಂದೊಂದೇ ಮಾತು ಎಳೆದೆಳೆದು ಹೇಳಿದರು. "ಗೊತ್ತಿದ್ದರೂ ಏನು... ಆ ಬಿಕ್ಕಳಿಕೆ ಕೇಳಿದ್ರೆ ಒಂದು ತುತ್ತು ಇಳೀತಿತ್ತು. ನಿಂತಮೇಲೆ ಇಳೀಲಿಲ್ಲ. ಬೇಕಂತ ಮಾಡಿದ್ದಲ್ಲ ಕಣೋ."

ಸಣ್ಣೋನು ಅವರ ಮಂಚದ ಪಕ್ಕ ನೆಲಕ್ಕೆ ಕುಸಿದ. ಎಂಟು ತಿಂಗಳಿಂದ ತಡೆದಿಟ್ಟಿದ್ದು ಆವತ್ತು ಹೊರಗೆ ಬಂತು. ಅವರು ಎಡಗೈಯಲ್ಲಿ ಅವನ ತಲೆ ಸವರುತ್ತಾ, "ಗಾಡಿ ಸರಿ ಮಾಡಿಸಿಬಿಡು. ಅಷ್ಟು ದೂರದಿಂದ ಅವನು ಮತ್ತೆ ಬರೋ ಹಾಗೆ ಮಾಡಬೇಡ," ಅಂದ್ರಂತೆ.

ಬೆಳಗ್ಗೆ ಏಳಕ್ಕೆಲ್ಲಾ ಸಣ್ಣೋನು ಅಂಗಡಿ ಮುಂದೆ ನಿಂತಿದ್ದ. ನಡೆದಿದ್ದೆಲ್ಲಾ ಹೇಳಿದ. ಐದು ದಿನ ನಿದ್ದೆಯಿಲ್ಲ, ತಲೆ ಕೆಟ್ಟಿದೆ ಅಂದುಕೊಂಡೆ. ಅಷ್ಟು ಹೊತ್ತಿಗೆ ಕಿವುಡ ಮೇಷ್ಟ್ರೂ ಬಂದರು, ಇನ್ನೊಂದು ಸಲ ನೋಡ್ತೀನಿ ಅಂತ. ಶಟರ್ ಎತ್ತಿದೆ. ಗಾಡಿ ರಾತ್ರಿ ಬಿಟ್ಟ ಹಾಗೇ ಇತ್ತು. ಬಾನೆಟ್ ತೆರೆದಿತ್ತು, ಬ್ಯಾಟರಿ ವೈರ್ ಕಳಚಿತ್ತು, ಇಂಜಿನ್ ತಣ್ಣಗಿತ್ತು. ನೋಡಿದ್ಯಾ, ಅಂದೆ ಸಣ್ಣೋನಿಗೆ. ಬೀರು ಬೀಗ ತೆಗೆದೆ. ಡಬ್ಬಿ ಇಟ್ಟಲ್ಲೇ ಇತ್ತು.

ಮೇಷ್ಟ್ರು ಡಬ್ಬಿಯನ್ನ ಮೇಜಿನ ಮೇಲಿಟ್ಟು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಗೋಡೆ ಮೇಲೆ ನನ್ನದೇ ಅಕ್ಷರದಲ್ಲಿ ನಲವತ್ತೊಂದು. ಲ್ಯಾಪ್‌ಟಾಪಲ್ಲಿ ನಲವತ್ತೆರಡು. ಶುರು, ರಾತ್ರಿ ಹತ್ತು ಹತ್ತೊಂಬತ್ತು. ಕೊನೆ, ಹತ್ತು ಮೂವತ್ತು. ಇಂಜಿನ್ ಬಿಸಿ ಎಂಬತ್ತೆರಡು ಡಿಗ್ರಿ. ಕೊನೆಯಲ್ಲಿ ಇಂಜಿನ್ ವೇಗದ ಗೆರೆ ಎರಡು ಸಲ ಕೆಳಗೆ ಬಿದ್ದು, ಸ್ವಲ್ಪ ಹೊತ್ತು ಸಪಾಟಾಗಿ ಹೋಗಿ, ಇನ್ನೊಂದು ಸಲ ಬಿದ್ದಿತ್ತು.

ಮೇಷ್ಟ್ರು ಆ ಗೆರೆ ಮೇಲೆ ಬೆರಳಾಡಿಸಿ ನೋಡಿದರು. ಆಮೇಲೆ ನಿಧಾನವಾಗಿ ಲ್ಯಾಪ್‌ಟಾಪ್ ಮುಚ್ಚಿ ಎದ್ದು ನಿಂತರು. "ಈ ಮ್ಯಾಪ್ ನಾನು ಮುಟ್ಟಲ್ಲ," ಅಂದ್ರು.

ಕೊನೆಗೆ ನಾವು ಆರಿಸಿದ್ದು ಆ ರೋಲರ್ ಅಂಗಡಿಯವನನ್ನೇ. ತಪ್ಪು ಮಾಡಿಕೊಡಲ್ಲ ಅಂದವನನ್ನ. ಇನ್ನೊಂದು ಹೊಸ ಡಬ್ಬಿ ಹಾಕಿಸಿ ಅವನ ಹತ್ತಿರ ಮೊದಲಿಂದ ಟ್ಯೂನ್ ಮಾಡಿಸಿದ್ವಿ. ಈಗ ಗಾಡಿ ಬಿಕ್ಕಳಿಸಲ್ಲ. ಚಿಕ್ಕಮ್ಮ ರಾತ್ರಿ ಎಂಟಕ್ಕೆಲ್ಲಾ ಉಣ್ತಾರೆ, ಸಣ್ಣೋನ ಜೊತೆ ಕೂತು. ಸ್ವಲ್ಪ ಗಟ್ಟಿಯಾಗಿದ್ದಾರೆ. ನಂಬಿಕೆ ಇಲ್ಲದಿದ್ದರೆ ಹೋಗಿ ಟೈಲರಮ್ಮನ್ನ ಕೇಳಿ. ಮೇಷ್ಟ್ರನ್ನ ಕೇಳಿ, ಎದುರಿಗೆ ನಿಂತು ತುಟಿ ಕಾಣೋ ಹಾಗೆ ಕೇಳಿ. ನಾನು ಸುಳ್ಳು ಹೇಳಿದ್ದರೆ ನಾಳೆಯಿಂದ ನನ್ನ ಅಂಗಡಿಗೆ ಕಾಲಿಡಬೇಡಿ.

ಒಂದು ವಿಷಯ ಮಾತ್ರ ಸಣ್ಣೋನಿಗೂ ಹೇಳಿಲ್ಲ. ಆವತ್ತು ಬೆಳಗ್ಗೆ ನಾನು ಬೀರು ತೆಗೆದಾಗ ಡಬ್ಬಿ ಮೇಲೆ ಇನ್ನೊಂದು ವಸ್ತು ಇತ್ತು. ಅವರಿಬ್ಬರಿಗೂ ಕಾಣದ ಹಾಗೆ ಜೇಬಿಗೆ ಹಾಕಿಕೊಂಡೆ. ಆವತ್ತಿಂದ ಜೇಬಲ್ಲೇ ಇದೆ.

ಇದೇ... ನೋಡಿ. ಹತ್ತರ ಸ್ಪ್ಯಾನರ್. ಈ ಕೆಂಪು ಟೇಪ್ ನಾನೇ ಸುತ್ತಿದ್ದು.